ಕಿಟಕಿಕಟ್ಟೆಯ ಐದು ಪೊಟ್ಟಣಗಳು

ಆಂಡಾಳ್ ಹುಟ್ಟಾ ಪುಕ್ಕಲು ಹೆಂಗಸು. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಯಾಕೆಂದರೆ ಮೇಲ್ತೋಪಿನಲ್ಲಿ ಈ ಸಂಗತಿ ಒಬ್ಬರಿಗೂ ಗೊತ್ತಿರಲಿಲ್ಲ. ಊರಿನವರು ಕಂಡದ್ದು ಬಿಳಿ ಕೋಟು, ಕೊರಳಿನ ಸ್ಟೆತಸ್ಕೋಪು, ಯಾರು ಏನು ಹೇಳಿದರೂ ಅಲುಗದ ಮುಖ. ಆ ಕೋಟಿನ ಜೇಬಿನಲ್ಲಿ ಬಲಗೈ ಯಾಕೆ ಸದಾ ಇಳಿಬಿದ್ದಿರುತ್ತದೆ ಎಂದು ಯಾರೂ ಕೇಳಲಿಲ್ಲ. ನಡುಗುವ ಕೈಗೆ ಜೇಬಿಗಿಂತ ಒಳ್ಳೆಯ ಜಾಗ ಇನ್ನೊಂದಿಲ್ಲ.

ಅವಳ ತವರು ತಮಿಳು ಸೀಮೆಯ ಕೊಂಬೈ. ಅಪ್ಪನದು ದ್ರಾಕ್ಷಿ ಚಪ್ಪರ, ಅದರಾಚೆಗೆ ಬೆಟ್ಟ. ಮನೆಯೊಳಗೆ ಕನ್ನಡ, ಹೊಸಿಲು ದಾಟಿದರೆ ತಮಿಳು. ಯಾವ ಕಾಲದಲ್ಲೋ ಬೆಟ್ಟದಾಚೆಯಿಂದ ಇಳಿದು ಬಂದ ಜನ, ಬಂದದ್ದು ಯಾಕೆ ಎಂದು ಕೇಳಿದರೆ ಪ್ರತಿ ಮುದುಕನೂ ಒಂದೊಂದು ಕಥೆ ಹೇಳುತ್ತಾನೆ. ಹುಡುಗಿ ಓದಿನಲ್ಲಿ ಚುರುಕು. ದಿಂಡಿಗಲ್ಲಿನಲ್ಲಿ ನಾಲ್ಕು ವರ್ಷ ನರ್ಸಿಂಗ್ ಓದಿದಳು. ಮೊದಲ ಸಲ ಸೂಜಿ ಚುಚ್ಚಿದ ದಿನ ರೋಗಿ ಸುಮ್ಮನಿದ್ದ, ಇವಳೇ ಬಿದ್ದಳು. ರೋಗಿಯೇ ಎದ್ದು ರಟ್ಟಿನಿಂದ ಗಾಳಿ ಬೀಸಿದನಂತೆ. ಆಮೇಲೆ ಬೋಡಿನಾಯಕನೂರಿನ ಒಂದು ಖಾಸಗಿ ಆಸ್ಪತ್ರೆಯಲ್ಲಿ ಎಂಟು ವರ್ಷ ದುಡಿದಳು. ಏಲಕ್ಕಿ ಎಸ್ಟೇಟಿಗೆ ಹೋಗುವ ಜೀಪು ಉರುಳಿದಾಗಲೆಲ್ಲ ಹೆಂಗಸರನ್ನು ಹೊತ್ತು ತರುತ್ತಿದ್ದರು. ಅವಳು ಎಲ್ಲವನ್ನೂ ಕಲಿತಳು, ಭಯವನ್ನು ಬಿಡುವುದೊಂದನ್ನು ಬಿಟ್ಟು. ಅವಳ ಭಯಕ್ಕೆ ಒಂದೇ ಮುಖ. ಒಂದು ದಿನ ನನ್ನ ಕೈಯಿಂದ ಒಂದು ಜೀವ ಹೋಗುತ್ತದೆ, ಹೋಗೇ ಹೋಗುತ್ತದೆ.

ಹಾಗಿರುವಾಗ ಸರಕಾರದ ಹೊಸ ಹುದ್ದೆ ಬಂತು. ಊರೂರಿನ ಉಪಕೇಂದ್ರಗಳಲ್ಲಿ ಡಾಕ್ಟರರಿಲ್ಲ. ಅವರು ಹನ್ನೆರಡು ಕಿಲೋಮೀಟರ್ ದೂರದ ದೊಡ್ಡ ಕೇಂದ್ರದಲ್ಲಿ. ಹೀಗಾಗಿ ನಡುವೆ ಒಬ್ಬರು ಬೇಕು. ಡಾಕ್ಟರಿಗಿಂತ ಕೆಳಗೆ, ನರ್ಸಿಗಿಂತ ಒಂದು ಗೇಣು ಮೇಲೆ. ಜ್ವರ ನೋಡಬೇಕು, ಬಿಪಿ ಅಳೆಯಬೇಕು, ಬೆರಳು ಚುಚ್ಚಿ ಸಕ್ಕರೆ ನೋಡಬೇಕು, ಡಾಕ್ಟರು ಬರೆದ ಮಾತ್ರೆಗಳನ್ನು ತಿಂಗಳು ತಿಂಗಳು ಹಂಚಬೇಕು, ಅನುಮಾನ ಬಂದರೆ ಫೋನಿನಲ್ಲಿ ಡಾಕ್ಟರನ್ನು ಕೇಳಬೇಕು. ಹೊಸ ಮಾತ್ರೆ ತಾನಾಗಿ ಕೊಡುವಂತಿಲ್ಲ, ಇದ್ದದ್ದನ್ನು ಹೆಚ್ಚು ಕಡಿಮೆ ಮಾಡುವಂತಿಲ್ಲ, ಡಾಕ್ಟರು ಹೇಳದೆ ನರಕ್ಕೆ ಏನನ್ನೂ ಹಾಕುವಂತಿಲ್ಲ. ಇದಕ್ಕೆಂದೇ ದಿಂಡಿಗಲ್ಲಿನಲ್ಲಿ ಆರು ತಿಂಗಳ ತರಬೇತಿ ಕೊಟ್ಟು ಒಂದು ಬೋರ್ಡು ಕೊಟ್ಟು ಕಳಿಸಿದರು. ಎಡಗಡೆ ಹಸಿರು, ಮಾಡಬಹುದಾದದ್ದು. ಬಲಗಡೆ ಕೆಂಪು, ಮಾಡಬಾರದ್ದು. ಕೆಂಪೇ ಉದ್ದ ಇತ್ತು. ಆಂಡಾಳಿಗೆ ಆ ಬೋರ್ಡು ಕಂಡರೆ ಎಷ್ಟು ಸಮಾಧಾನವೆಂದರೆ, ಅದನ್ನು ತನ್ನ ಕುರ್ಚಿಯ ಎದುರಿಗೇ ಹೊಡೆಸಿದಳು.

ತರಬೇತಿಯ ಕೊನೆಯ ದಿನ ಮೇಡಂ ಒಬ್ಬರು ಹೇಳಿದ್ದರು: "ನಿಮ್ಮನ್ನ ಡಾಕ್ಟರ್ ಅಂತ ಕರೀತಾರೆ. ಕರೆದ ಕಡೇನೇ ತಿದ್ದಿ. ಪ್ರತಿ ಸಲ." ಆಂಡಾಳ್ ಅದನ್ನು ನೋಟ್‌ಬುಕ್ಕಿನಲ್ಲಿ ಬರೆದುಕೊಂಡು ಅಡಿಗೆರೆ ಎಳೆದಳು.

ತಿದ್ದಿದಳು ಕೂಡ, ಒಂದು ವಾರ. ಗಂಡ ದುರೈನ ಊರಾದ ಮೇಲ್ತೋಪಿಗೇ ಅವಳನ್ನು ಹಾಕಿದ್ದರು. ಬಂದ ಮೊದಲ ಮುದುಕಿಯೇ "ಡಾಕ್ಟರಮ್ಮಾ" ಎಂದಳು. ಡಾಕ್ಟರಲ್ಲ ಅಜ್ಜಿ ಎಂದರೆ, "ಹಂಗಾದ್ರೆ ನೀನ್ಯಾರು ತಾಯಿ?" ಎಂದಳು. ಹುದ್ದೆಯ ಪೂರಾ ಹೆಸರನ್ನು ತಮಿಳಿನಲ್ಲಿ ಹೇಳಿ ಮುಗಿಸುವಷ್ಟರಲ್ಲಿ ಮುದುಕಿ ಎರಡು ಸಲ ಆಕಳಿಸಿ, "ಅದೇ, ಡಾಕ್ಟರಮ್ಮ" ಎಂದು ತೀರ್ಮಾನ ಮಾಡಿಬಿಟ್ಟಳು. ಎಂಟನೆಯ ದಿನ ಆಂಡಾಳ್ ಸುಮ್ಮನಾದಳು. ಸುಮ್ಮನಾದದ್ದು ಸುಸ್ತಾಗಿ ಎಂದು ಅವಳು ತನಗೆ ತಾನೇ ಹೇಳಿಕೊಂಡಿದ್ದಳು. ನಿಜ ಬೇರೆಯೇ ಇತ್ತು. ಆ ಮಾತು ಕಿವಿಗೆ ಬಿದ್ದಾಗ ಕೈ ನಡುಕ ಸ್ವಲ್ಪ ನಿಲ್ಲುತ್ತಿತ್ತು. ಡಾಕ್ಟರು ಹೆದರುವುದಿಲ್ಲವಲ್ಲ. ಹಾಗೆ ಐದು ವರ್ಷ ಕಳೆಯಿತು.

ಇನ್ನು ಮೇಲ್ತೋಪಿನ ರಾಮರುಗಳ ವಿಷಯ. ಅಲ್ಲಿ ತಾತನ ಹೆಸರನ್ನು ಮೊಮ್ಮಗನಿಗೆ ಇಡುವುದು ವಾಡಿಕೆ. ಒಬ್ಬ ತಾತನಿಗೆ ನಾಲ್ಕು ಮಕ್ಕಳಿದ್ದರೆ ನಾಲ್ಕು ಮನೆಯಲ್ಲೂ ಅದೇ ಹೆಸರಿನ ಮೊಮ್ಮಗ. ಹಾಗೆ ಮೂಡಲ ಬೀದಿ ಒಂದರಲ್ಲೇ ಬಿಪಿಗೋ ಸಕ್ಕರೆಗೋ ಮಾತ್ರೆ ನುಂಗುವ ರಾಮರ್‌ಗಳು ಆರು ಜನ. ಏಳನೆಯ ರಾಮರ್ ಆಂಡಾಳಿನ ಮಾವ. ಅವರು ಮಾತ್ರೆ ನುಂಗುವವರಲ್ಲ. ಉಪಕೇಂದ್ರದ ಎದುರಿನ ಬೇವಿನ ಕಟ್ಟೆಯ ಮೇಲೆ ಕೂತು ಯಾರು ಯಾರು ನುಂಗುತ್ತಾರೆಂದು ನೋಡುವವರು. ಗಂಡನ ಹೆಸರು, ಮಾವನ ಹೆಸರು ಹೆಣ್ಣಿನ ಬಾಯಲ್ಲಿ ಬರಬಾರದು ಎಂಬುದು ಆ ಜನರ ಕಟ್ಟು. ಮಾತ್ರೆ ಹಂಚುವಾಗ ಹೆಸರು ಕೂಗಿ, ಅಪ್ಪನ ಹೆಸರು ಕೇಳಿ, ಆಮೇಲೆ ಕೈಗೆ ಕೊಡಬೇಕು ಎಂಬುದು ಸರಕಾರದ ಕಟ್ಟು. ಬಂದ ಮೊದಲ ತಿಂಗಳು ಆಂಡಾಳ್ ಸರಕಾರದ ಕಟ್ಟಿನಂತೆ "ರಾಮರ್!" ಎಂದು ಕೂಗಿದಳು. ಬೇವಿನ ಕಟ್ಟೆಯ ಮೇಲೆ ಮಾವ ಬೆಚ್ಚಿ ಎದ್ದು ನಿಂತರು. ಅತ್ತೆ ರಾಜಮ್ಮಾಳ್ ಮೂರು ದಿನ ಸೊಸೆಯ ಜೊತೆ ಮಾತಾಡಲಿಲ್ಲ. ಮನೆಯಲ್ಲಿ ಅನ್ನ ಬೇಯುವ ಸದ್ದು ಬಿಟ್ಟು ಬೇರೆ ಸದ್ದಿರಲಿಲ್ಲ.

ಆಗ ಅವಳು ಒಂದು ಉಪಾಯ ಕಂಡುಕೊಂಡಳು. ಆ ಆರು ಪೊಟ್ಟಣಗಳನ್ನು ಮಾತ್ರ ಕೂಗಿ ಕೊಡದೆ ಕಿಟಕಿಕಟ್ಟೆಯ ಮೇಲೆ ಸಾಲಾಗಿ ಇಡುವುದು. ಬೀದಿಯಲ್ಲಿ ಮನೆಗಳಿರುವ ಕ್ರಮದಲ್ಲೇ ಪೊಟ್ಟಣಗಳು. ಬಾಗಿಲ ಕಡೆಯಿಂದ ಮೊದಲ ಮನೆಯದು, ಎರಡನೆಯದು, ಮೂರನೆಯದು. ಅವರವರ ಹೆಂಡತಿ ಬಂದು ತಮ್ಮದನ್ನು ಎತ್ತಿಕೊಂಡು ಹೋಗುವುದು. ಪೊಟ್ಟಣದ ಮೇಲೆ ಹೆಸರು ಬರೆದೇ ಇರುತ್ತಿತ್ತು, ಓದು ಬಂದವರು ಓದಿಕೊಳ್ಳಲಿ. ಮಾವನ ಮರ್ಯಾದೆಯೂ ಉಳಿಯಿತು, ಮಾತ್ರೆಯೂ ಹೋಯಿತು. ಕೂಗದೆ ಇದ್ದದ್ದಕ್ಕೆ ಹೆಂಗಸರಿಗೂ ಖುಷಿ. ಈ ಉಪಾಯದ ಬಗ್ಗೆ ಆಂಡಾಳಿಗೆ ಒಳಗೊಳಗೇ ಹೆಮ್ಮೆಯಿತ್ತು, ಸುಳ್ಳು ಯಾಕೆ ಹೇಳಬೇಕು.

ತಮಿಳು ಪಂಚಾಂಗದ ಪುರಟ್ಟಾಸಿ ತಿಂಗಳ ಒಂದು ಮಂಗಳವಾರ ಮಾತ್ರೆಯ ದಿನ. ಮೊದಲ ಮನೆಯ ರಾಮರ್ ಕೊಡೈಕಾನಲ್‌ನಲ್ಲಿರುವ ಮಗಳ ಮನೆಗೆ ಹೋಗಿದ್ದ, ಎರಡು ತಿಂಗಳ ಮಾತ್ರೆ ಮೊದಲೇ ಒಯ್ದಿದ್ದ. ಆದ್ದರಿಂದ ಕಿಟಕಿಕಟ್ಟೆಗೆ ಆರರ ಬದಲು ಐದೇ ಪೊಟ್ಟಣ ಬಂದವು. ನಲವತ್ತು ಜನ ನಿಂತಿದ್ದರು, ಫೋನಿನಲ್ಲಿ ಪ್ರತಿಯೊಬ್ಬರ ವಿವರ ತುಂಬಬೇಕಿತ್ತು. ಆಂಡಾಳ್ ಐದನ್ನೂ ಒತ್ತೊತ್ತಾಗಿ ಇಟ್ಟಳು. ಮೊದಲ ಜಾಗವನ್ನು ಖಾಲಿ ಬಿಡಬೇಕೆಂದು ಹೊಳೆಯಲಿಲ್ಲ.

ಮೂರನೆಯ ಮನೆಯ ಪೇಚ್ಚಿಯಮ್ಮಾಳ್ ಬಂದಳು. ಅರವತ್ತರ ಹೆಂಗಸು, ಸೊಂಟಕ್ಕೆ ಸೀರೆ ಸಿಕ್ಕಿಸಿ ನಡೆಯುವವಳು, ಊರಿಗೆಲ್ಲ ಅತ್ತೆ. ಓದು ಬಾರದು. ಬಾಗಿಲ ಕಡೆಯಿಂದ ಬೆರಳಿಟ್ಟು ಎಣಿಸಿ ಮೂರನೆಯದನ್ನು ಎತ್ತಿ ಮಡಿಲಿಗೆ ಹಾಕಿಕೊಂಡು, "ಬತ್ತೀನಿ ಡಾಕ್ಟರಮ್ಮಾ" ಎಂದು ಹೋದಳು. ಆಂಡಾಳ್ ಫೋನಿನಿಂದ ತಲೆ ಎತ್ತದೆಯೇ "ಆಯ್ತು ಅತ್ತೆ" ಎಂದಳು. ಉಳಿದವರು ಓದಿಕೊಂಡು ತಮ್ಮತಮ್ಮದನ್ನು ಒಯ್ದರು. ನಾಲ್ಕನೆಯ ಮನೆಯ ಮುತ್ತುಲಕ್ಷ್ಮಿ ಆ ದಿನ ಬಂದಿರಲಿಲ್ಲ. ಸಂಜೆ ಕಟ್ಟೆಯ ಮೇಲೆ ಒಂದು ಪೊಟ್ಟಣ ಉಳಿದಿತ್ತು. ಅದು ಮುತ್ತುಲಕ್ಷ್ಮಿಯದೇ ಇರಬೇಕೆಂದು ಆಂಡಾಳ್ ಮೇಜಿನ ಡ್ರಾಯರಿಗೆ ಹಾಕಿ ಬೀಗ ಹಾಕಿದಳು.

ಶನಿವಾರ ಬಂತು. ಪುರಟ್ಟಾಸಿಯ ಶನಿವಾರವೆಂದರೆ ಆ ಮನೆಗಳಲ್ಲಿ ಪೆರುಮಾಳಿನ, ಅಂದರೆ ವಿಷ್ಣುವಿನ ವ್ರತ. ನಡುಹಗಲಿನಲ್ಲಿ ದೇವರಿಗೆ ಎಡೆ ಇಡುವ ತನಕ ಗಂಡಸರು ನೀರು ಬಿಟ್ಟು ಏನೂ ಮುಟ್ಟುವುದಿಲ್ಲ. ಮಾತ್ರೆ ಮುಟ್ಟಬಹುದು, ಮಾತ್ರೆ ಊಟವಲ್ಲವಲ್ಲ.

ಬೆಳಿಗ್ಗೆ ಹನ್ನೊಂದು ಗಂಟೆಗೆ ಮೂರನೆಯ ಮನೆಯ ರಾಮರನ್ನು ಬೈಕಿನ ಮೇಲೆ ಇಬ್ಬರ ನಡುವೆ ಒತ್ತಿ ಕೂರಿಸಿಕೊಂಡು ತಂದರು. ಬೈಕು ಹೊಡೆಯುತ್ತಿದ್ದವನು ಅವರ ಮಗ ಕಾರ್ತಿ. ದ್ರಾಕ್ಷಿ ಚಪ್ಪರದ ಕೆಳಗೆ ಬಳ್ಳಿ ಸವರುತ್ತಿದ್ದವರು ಕತ್ತರಿ ಬಿಸಾಕಿ ಕುಣಿದಾಡಿದರಂತೆ, ಮಗನನ್ನೇ ಗುರುತಿಸದೆ ಹೊಡೆಯಲು ಹೋದರಂತೆ. ಈಗ ಕಣ್ಣು ಮೇಲೆ ಸಿಕ್ಕಿದೆ, ಅಂಗಿ ಹಿಂಡಿದರೆ ನೀರು ಬರುವಷ್ಟು ಬೆವರು, ಬಾಯಲ್ಲಿ ತೊದಲು. ಹಿಂದೆಯೇ ಅರ್ಧ ಬೀದಿ ಬಂದಿತ್ತು.

"ಪೆರುಮಾಳ್ ಮೈಮೇಲೆ ಬಂದವ್ರೆ, ಮುಟ್ಟಬ್ಯಾಡಿ!" ಎಂದು ಯಾರೋ ಕೂಗಿದರು. ಇನ್ನೊಬ್ಬರು ಕರ್ಪೂರ ಹಚ್ಚಲು ಹೊರಟರು.

ಪೇಚ್ಚಿಯಮ್ಮಾಳ್ ಜನರನ್ನು ತಳ್ಳಿಕೊಂಡು ಬಂದು ಆಂಡಾಳಿನ ಕೋಟು ಹಿಡಿದಳು. "ಡಾಕ್ಟರಮ್ಮಾ, ಸಾಮಿಯೋ ಮೂರ್ಛೆಯೋ ನಂಗೆ ತಿಳೀಲಿಲ್ಲ. ನಮ್ಮೋರ ಉಸುರು ನಿನ್ನ ಕೈಯಾಗೆ ಅದೆ. ಉಳಸ್ಕೊಡು."

ಆಂಡಾಳಿನ ಬೆರಳುಗಳು ಎಂಟು ವರ್ಷ ಬೋಡಿಯಲ್ಲಿ ಕಲಿತದ್ದನ್ನು ತಾವೇ ಮಾಡಿದವು. ಬೆರಳು ಚುಚ್ಚಿ ರಕ್ತದ ಹನಿ ಪಟ್ಟಿಗೆ ಮುಟ್ಟಿಸಿದಳು. ಯಂತ್ರ ಮೂವತ್ತೊಂದು ತೋರಿಸಿತು. ಎಪ್ಪತ್ತಕ್ಕಿಂತ ಕೆಳಗಿಳಿದರೇ ಅಪಾಯ. ಮೂವತ್ತೊಂದೆಂದರೆ ಮಿದುಳು ಆರಿಹೋಗುವ ಹೊತ್ತು. ಬಾಯಿಗೆ ಸಕ್ಕರೆ ನೀರು ಹಾಕಿದರೆ ಉಸಿರಿನ ಕೊಳವೆಗೆ ಹೋಗುತ್ತದೆ, ನರಕ್ಕೇ ಗ್ಲೂಕೋಸ್ ಹಾಕಬೇಕು. ಅದು ಬೋರ್ಡಿನ ಕೆಂಪು ಕಡೆಯದು.

ಡಾಕ್ಟರ್ ಸುಂದರ್‌ಗೆ ಫೋನು ಹೊಡೆದಳು. ಅವರು ದೊಡ್ಡ ಕೇಂದ್ರದ ಡಾಕ್ಟರು, ಮಾತು ಕಡಿಮೆಯ ಮನುಷ್ಯ.

"ಹೆಸರು?" ಅವರು ತಮಿಳಿನಲ್ಲಿ ಕೇಳಿದರು.

"ರಾಮರ್, ಸಾರ್. ಅರವತ್ನಾಲ್ಕು. ಸಕ್ಕರೆ ಮೂವತ್ತೊಂದು, ಪ್ರಜ್ಞೆ ಇಲ್ಲ." ಬಾಗಿಲಲ್ಲಿ ಮಾವ ನಿಂತಿದ್ದರು. ಹೆಸರು ಬಾಯಿಂದ ಬಂದದ್ದು ಅವರಿಗೂ ಗೊತ್ತಾಗಲಿಲ್ಲ, ಅವಳಿಗೂ ಗೊತ್ತಾಗಲಿಲ್ಲ.

"ಸಕ್ಕರೆ ಕಾಯಿಲೆಗೆ ಮಾತ್ರೆ ತಗೊಳ್ತಾರಾ?"

"ಇಲ್ಲ ಸಾರ್. ಬಿಪಿಗೆ ಮಾತ್ರ. ಇವತ್ತು ಉಪವಾಸ."

"ಸರಿ. ಗ್ಲೂಕೋಸ್ ಹಾಕಿ. ನಿಧಾನವಾಗಿ. ನಾನು ಲೈನಿನಲ್ಲೇ ಇರ್ತೀನಿ."

ಫೋನನ್ನು ಕಾರ್ತಿಯ ಕೈಗೆ ಕೊಟ್ಟು ಅವಳು ನರ ಹುಡುಕಿದಳು. ಎರಡು ಸಲ ತಪ್ಪಿತು. ಮೂರನೆಯ ಸಲ ಸಿಕ್ಕಿತು. ಗ್ಲೂಕೋಸ್ ಒಳಗೆ ಹೋಗುವಾಗ ಅವಳು ರಾಮರಿನ ಮುಖವನ್ನು ಬಿಟ್ಟು ಬೇರೆ ಏನನ್ನೂ ನೋಡಲಿಲ್ಲ. ಸ್ವಲ್ಪ ಹೊತ್ತಿಗೆ ಆ ಮುಖದ ರೆಪ್ಪೆ ಬಡಿಯಿತು. ಇನ್ನೂ ಸ್ವಲ್ಪ ಹೊತ್ತಿಗೆ ರಾಮರ್ ಕಣ್ಣು ಬಿಟ್ಟು ಸುತ್ತ ನೋಡಿ, "ಇಷ್ಟು ಜನ ಯಾಕೆ ಸೇರಿದ್ದೀರಿ? ಯಾರು ಓಗಿಬಿಟ್ರು?" ಎಂದರು.

ಬೀದಿ ನಕ್ಕಿತು. ಪೇಚ್ಚಿಯಮ್ಮಾಳ್ ಅಳುತ್ತಲೇ ನಕ್ಕು, ಆಂಡಾಳಿನ ಎರಡೂ ಕೈ ಹಿಡಿದು ಕಣ್ಣಿಗೊತ್ತಿಕೊಂಡಳು. "ಸಾಮಿ ಮ್ಯಾಲಿಂದ ನೋಡ್ತಾನೆ, ಕೈಯಾಗೆ ಉಸುರು ಕೊಡೋಳು ನೀನೇ ಡಾಕ್ಟರಮ್ಮಾ."

ಫೋನಿನಲ್ಲಿ ಸುಂದರ್ ಹೇಳಿದರು: "ಉಪವಾಸದಿಂದ ಆಗಿದೆ. ಊಟ ಮಾಡಿಸಿ, ಒಂದು ಗಂಟೆ ನೋಡಿ, ಮನೆಗೆ ಕಳಿಸಿ."

ಅಷ್ಟಕ್ಕೆ ಮುಗಿಯಬೇಕಿತ್ತು. ಆದರೆ ಭಯಸ್ಥರ ತಲೆ ಸುಮ್ಮನಿರುವುದಿಲ್ಲ, ಮುಗಿದದ್ದನ್ನೂ ಮತ್ತೆ ಕೆದಕುತ್ತದೆ. ಆ ಬೀದಿಯ ಎಲ್ಲ ಗಂಡಸರೂ ಇವತ್ತು ಉಪವಾಸ. ಇವರು ಇಪ್ಪತ್ತು ವರ್ಷದಿಂದ ಪುರಟ್ಟಾಸಿ ಶನಿವಾರ ಹಿಡಿದವರು. ಉಪವಾಸಕ್ಕೇ ಸಕ್ಕರೆ ಮೂವತ್ತೊಂದಕ್ಕೆ ಇಳಿಯುವುದಾದರೆ ಮೇಲ್ತೋಪಿನಲ್ಲಿ ಗಂಡಸರೇ ಉಳಿಯುತ್ತಿರಲಿಲ್ಲ. ಆಂಡಾಳ್ ಮೇಜಿನ ಹತ್ತಿರ ಹೋಗಿ ಡ್ರಾಯರಿನ ಬೀಗ ತೆಗೆದಳು. ಒಳಗೆ ಒಂದೇ ಪೊಟ್ಟಣ. ಎತ್ತಿ ಓದಿದಳು. ರಾಮರ್, ತಂದೆ ಗುರುಸಾಮಿ, ಮೂರನೆಯ ಮನೆ, ಬಿಪಿ.

ಮೂರನೆಯ ಮನೆಯದು ಇಲ್ಲಿದ್ದರೆ ಪೇಚ್ಚಿಯಮ್ಮಾಳ್ ಒಯ್ದದ್ದು ನಾಲ್ಕನೆಯ ಮನೆಯದು. ಮುತ್ತುಲಕ್ಷ್ಮಿಯ ಗಂಡನದು. ಸಕ್ಕರೆ ಇಳಿಸುವ ಮಾತ್ರೆ.

ಅವಳು ಡ್ರಾಯರನ್ನು ಮೆಲ್ಲಗೆ ಮುಚ್ಚಿದಳು. ಯಾರೂ ನೋಡಲಿಲ್ಲ. ಹೊರಗೆ ಕಾರ್ತಿ ಅಪ್ಪನಿಗೆ ಬಾಳೆಹಣ್ಣು ಸುಲಿಯುತ್ತಿದ್ದ. ಆ ಒಂದು ನಿಮಿಷ ಆಂಡಾಳಿನ ತಲೆಯಲ್ಲಿ ಏನೇನು ಹಾದುಹೋಯಿತು ಎಂದು ಹೇಳಿದರೆ ಅವಳ ಮೇಲೆ ನಿಮಗೆ ಮರ್ಯಾದೆ ಕಡಿಮೆಯಾಗಬಹುದು, ಆದರೂ ಹೇಳುತ್ತೇನೆ. ಇವರನ್ನು ಮನೆಗೆ ಬಿಡುವ ನೆಪದಲ್ಲಿ ಜೊತೆಗೆ ಹೋಗಬಹುದು. ದೇವರ ಗೂಡಿನ ಹತ್ತಿರ ಇರುವ ಪೊಟ್ಟಣ ಎತ್ತಿ ಇದನ್ನು ಇಟ್ಟು ಬರಬಹುದು. ಒಂದು ನಿಮಿಷದ ಕೆಲಸ. ಬೀಸುವ ದೊಣ್ಣೆ ತಪ್ಪಿದರೆ ಸಾವಿರ ವರ್ಷ ಆಯಸ್ಸು ಅಂತಾರೆ. ಡಾಕ್ಟರೇ ಉಪವಾಸ ಎಂದಿದ್ದಾರೆ, ಊರು ಕಾಲಿಗೆ ಬೀಳುತ್ತಿದೆ. ಹೇಳಿದರೆ ಏನಾಗುತ್ತದೆ? ನೋಂದಣಿ ಹೋಗುತ್ತದೆ. ಇಡೀ ತಾಲೂಕಿನ ನರ್ಸುಗಳ ಗುಂಪಿನಲ್ಲಿ ಹೆಸರು ಓಡಾಡುತ್ತದೆ. ಮಾವನ ಹೆಸರು ಹೇಳದೆ ಉಳಿಸಿದ ಮರ್ಯಾದೆಯನ್ನು ಮಾವನ ಎದುರೇ ಬೀದಿಪಾಲು ಮಾಡಿದಂತಾಗುತ್ತದೆ.

ಆದರೆ ಅವಳಿಗೆ ಇನ್ನೊಂದು ಸಂಗತಿಯೂ ಗೊತ್ತಿತ್ತು. ಗೊತ್ತಿರಬಾರದಿತ್ತು ಎಂದು ಆ ಕ್ಷಣ ಅನಿಸಿತು. ಆ ಮಾತ್ರೆ ಒಂದು ಸಲ ಸಕ್ಕರೆ ಇಳಿಸಿ ಸುಮ್ಮನಾಗುವ ಜಾತಿಯದಲ್ಲ. ಇಡೀ ದಿನ ಮೈಯಲ್ಲಿದ್ದು ಕೆಲಸ ಮಾಡುತ್ತದೆ. ಈಗ ಹಾಕಿದ ಗ್ಲೂಕೋಸ್ ಕರಗಿದ ಮೇಲೆ ಮತ್ತೆ ಎಳೆದು ಕೆಡವುತ್ತದೆ. ರಾಮರ್ ಮನೆಗೆ ಹೋಗುತ್ತಾರೆ, ಹಬ್ಬದ ಊಟ ಉಣ್ಣುತ್ತಾರೆ, ಊಟದ ಮೇಲೆ ಮಲಗುತ್ತಾರೆ. ಉಂಡು ಮಲಗಿದವರನ್ನು ಯಾರೂ ಎಬ್ಬಿಸುವುದಿಲ್ಲ. ಸಂಜೆ ಕಾಫಿಗೆ ಎಬ್ಬಿಸಲು ಹೋದಾಗ ಏಳುವುದಿಲ್ಲ.

ಅಷ್ಟು ವರ್ಷ ಹೆದರಿದ್ದ ದಿನ ಬಂದೇ ಬಿಟ್ಟಿತ್ತು.

ಕಾರ್ತಿ ಬೈಕಿನ ಚಾವಿ ತಿರುವುತ್ತಿದ್ದ. "ಅಪ್ಪ ಸರಿಯಾಗವ್ರೆ ಅಕ್ಕಾ, ಕರ್ಕೊಂಡು ಓಗ್ತೀವಿ. ಎಡೆ ಇಡೋ ಹೊತ್ತಾಯ್ತು."

"ಬ್ಯಾಡ," ಎಂದಳು ಆಂಡಾಳ್. ದನಿ ಎಷ್ಟು ಸಣ್ಣಗಿತ್ತೆಂದರೆ ಅವನಿಗೆ ಕೇಳಿಸಲಿಲ್ಲ. ಅವಳು ಬಾಗಿಲಿಗೆ ಅಡ್ಡ ನಿಂತು ಮತ್ತೆ ಫೋನು ಹೊಡೆದಳು. "ಸಾರ್, ಸಕ್ಕರೆ ಮಾತ್ರೆ ತಗೊಂಡಿದ್ದಾರೆ. ಬೇರೆಯವರದು. ಪೊಟ್ಟಣ ಅದಲುಬದಲಾಗಿದೆ. ನನ್ನಿಂದ. ನಾನು ಹೆಸರು ಕೂಗಿ ಕೊಡಲಿಲ್ಲ."

ತಮಿಳಿನಲ್ಲಿ ಹೇಳಿದಳು. ತಮಿಳು ಅಲ್ಲಿದ್ದ ಎಲ್ಲರಿಗೂ ಬರುತ್ತಿತ್ತು.

ಸುಂದರ್ ಹೇಳಿದರು: "ಕಳಿಸಬೇಡಿ. ಆಂಬುಲೆನ್ಸ್ ಕರೀರಿ, ತೇನಿಯ ದೊಡ್ಡಾಸ್ಪತ್ರೆಗೆ ಹೋಗಲಿ. ನೀವೂ ಜೊತೆಗೆ ಹೋಗಿ. ಅರ್ಧ ಗಂಟೆಗೊಂದು ಸಲ ಬೆರಳು ಚುಚ್ಚಿ."

ಬಾಗಿಲಲ್ಲಿದ್ದ ಮಾವ ಬೇವಿನ ಕಟ್ಟೆಯ ಕಡೆ ನಡೆದರು. ಪೇಚ್ಚಿಯಮ್ಮಾಳ್ ಒಬ್ಬಳೇ ಮಾತಾಡಿದಳು: "ಅವಳದೇನು ತಪ್ಪು? ಎತ್ಕೊಂಡವಳು ನಾನು. ನಂದೇ ಕೈ."

ಆಂಬುಲೆನ್ಸು ಉತ್ತಮಪಾಳ್ಯಂ ದಾಟುವ ತನಕ ರಾಮರ್ ಲೋಕಾಭಿರಾಮವಾಗಿ ಮಾತಾಡುತ್ತಿದ್ದರು. ಬಳ್ಳಿಯನ್ನು ಎಲ್ಲಿ ಸವರಿದರೆ ಎಲ್ಲಿ ಚಿಗುರುತ್ತದೆ ಎಂದು ಆಂಡಾಳಿಗೆ ಪಾಠ ಹೇಳುತ್ತಿದ್ದರು. "ಮೂರು ಕಣ್ಣು ಬಿಟ್ಟು ನಾಲ್ಕನೇದು..." ಎಂದವರು ಅಲ್ಲಿಗೇ ನಿಂತರು. ಕಣ್ಣು ಅರೆ ಮುಚ್ಚಿತು, ಮೇಲ್ತುಟಿಯ ಮೇಲೆ ಬೆವರು ಮೂಡಿತು. ಚುಚ್ಚಿ ನೋಡಿದರೆ ಮೂವತ್ತೆಂಟು. ಆಂಡಾಳ್ ಓಡುವ ಗಾಡಿಯಲ್ಲಿ ಮೊಣಕಾಲೂರಿ ಮತ್ತೊಮ್ಮೆ ಗ್ಲೂಕೋಸ್ ಹಾಕಿದಳು. ಹಾಕುವಾಗ ಅವಳು ಪೆರುಮಾಳನ್ನು ಕರೆಯಲಿಲ್ಲ, ಅಳಲೂ ಇಲ್ಲ. ಅವಳ ಕಣ್ಣೆದುರು ಮೂರನೆಯ ಮನೆಯ ನಡುಮನೆ, ಚಾಪೆ, ಅದರ ಮೇಲೆ ಮಲಗಿದ ಈ ಮನುಷ್ಯ, ಸದ್ದು ಮಾಡಬೇಡಿ ಮಲಗವ್ರೆ ಎಂದು ಮಕ್ಕಳಿಗೆ ಹೇಳುವ ಪೇಚ್ಚಿಯಮ್ಮಾಳ್.

ರಾಮರ್ ಉಳಿದರು. ಎರಡು ದಿನ ತೇನಿಯಲ್ಲಿದ್ದು ಮನೆಗೆ ಬಂದರು.

ಆಂಡಾಳಿಗೆ ದಿಂಡಿಗಲ್ಲಿನಿಂದ ಕಾಗದ ಬಂತು. ಅವಳು ತರಬೇತಿ ಪಡೆದ ಕಟ್ಟಡದಲ್ಲೇ ವಿಚಾರಣೆ. ಅವಳು ಆ ಹುದ್ದೆಯಲ್ಲಿ ಮುಂದುವರಿಯಬಹುದೇ ಬೇಡವೇ ಎಂದು ಅಲ್ಲಿ ತೀರ್ಮಾನ. ರೋಗಿಯ ಕಡೆಯವರು ಒಬ್ಬರು ಬರಬಹುದು. ಪೇಚ್ಚಿಯಮ್ಮಾಳ್ ಯಾರನ್ನೂ ಕೇಳದೆ ತಾನೇ ಹೊರಟು ನಿಂತಳು, ತೂಕ್ಕುಚಟ್ಟಿಯೆಂಬ ಹಿಡಿಯುಳ್ಳ ಡಬ್ಬಿಯಲ್ಲಿ ಹುಣಸೆ ಅನ್ನ ತುಂಬಿಕೊಂಡು.

ಬಸ್ಸಿನಲ್ಲಿ ಮೂರು ಗಂಟೆ ಆಂಡಾಳ್ ಒಂದು ತುತ್ತೂ ಮುಟ್ಟಲಿಲ್ಲ. ವತ್ತಲಗುಂಡು ದಾಟಿದ ಮೇಲೆ ಪೇಚ್ಚಿಯಮ್ಮಾಳ್ ಅವಳ ತೊಡೆ ತಟ್ಟಿದಳು. "ಯಾಕೆ ಮಗಳೇ ಹಿಂಗೆ ನಡುಗ್ತೀಯಾ? ನಾನು ಹೇಳ್ತೀನಿ ಬಿಡು. ಎಲ್ಲಾ ನಂದೇ ಅಂತೀನಿ. ನನ್ನ ಕೆಲಸ ಯಾರು ಕಿತ್ಕೋತಾರೆ?"

ಆ ಮಾತಿನಲ್ಲಿ ನಿಜವಿತ್ತು, ಅದಕ್ಕೇ ಆಂಡಾಳಿಗೆ ಆಸೆ ಹುಟ್ಟಿತು. ಪೊಟ್ಟಣ ಎತ್ತಿದ ಕೈ ಪೇಚ್ಚಿಯಮ್ಮಾಳಿನದೇ. ಅಷ್ಟನ್ನು ಅವಳು ಹೇಳಿದರೆ, ತಾನು ಸುಮ್ಮನೆ ಕೂತರೆ, ಬಹುಶಃ ಇನ್ನೊಂದು ಸಲ ತರಬೇತಿ ಅಂತ ಹೇಳಿ ಬಿಡಬಹುದು. ನಡೆದದ್ದನ್ನು ತಾನಾಗಿ ಹೇಳಿದ್ದಾಳೆ, ಜೀವ ಉಳಿದಿದೆ. ಸುಂದರ್ ಕೂಡ ಒಳ್ಳೆಯ ಮಾತು ಬರೆದು ಕಳಿಸಿದ್ದರು.

ವಿಚಾರಣೆಗೆ ಕೂತ ಅಧಿಕಾರಿ ಡಾಕ್ಟರ್ ಅಭಿರಾಮಿ. ಐವತ್ತರ ಹೆಂಗಸು, ದನಿ ಏರಿಸುವವರಲ್ಲ. ದನಿ ಏರಿಸದವರೆದುರು ಹೆದರಿಕೆ ಇನ್ನೂ ಹೆಚ್ಚು. ಕಿಟಕಿಕಟ್ಟೆಯ ಸಾಲಿನ ಕಥೆ ಕೇಳಿದರು, ಮಾವನ ಹೆಸರಿನ ಕಥೆ ಕೇಳಿದರು, ಎಲ್ಲ ಬರೆದುಕೊಂಡರು. ಒಂದು ಸಲ ತುಟಿಯ ಅಂಚಿನಲ್ಲಿ ನಗುವಿನಂಥದ್ದು ಸುಳಿಯಿತು. ಆಂಡಾಳಿಗೆ ಉಸಿರು ಬಂತು.

ಆಮೇಲೆ ಪೇಚ್ಚಿಯಮ್ಮಾಳಿನ ಕಡೆ ತಿರುಗಿದರು. ಆ ಹೆಂಗಸು ತನಗೆ ಬಂದ ತಮಿಳಿನಲ್ಲಿ ಎದೆ ಮುಟ್ಟಿಕೊಂಡು ಹೇಳಿದಳು, "ನಾನೇ ತಾಯಿ. ಇವಳು ಬಂಗಾರ. ಎಣಿಸಿ ಎತ್ತಿದವಳು ನಾನು."

"ಅಮ್ಮಾ, ಮೊದಲು ನಿಮ್ಮ ಯಜಮಾನರು ದಿನಕ್ಕೆ ಎಷ್ಟು ಮಾತ್ರೆ ತಗೊಳ್ತಿದ್ರು?"

"ಒಂದು. ಬೆಳ್ಳಗಿನದು."

"ಈ ಪೊಟ್ಟಣದಲ್ಲಿ?"

"ಎರಡೆರಡು. ಒಂದು ದಪ್ಪ, ಒಂದು ಸಣ್ಣದು."

"ನಿಮಗೆ ಗೊತ್ತಾಯ್ತಾ, ಬೇರೆ ಇದೆ ಅಂತ?"

"ಗೊತ್ತಾಗದೆ ಏನು ತಾಯಿ, ಕಣ್ಣು ಕುರುಡಾ? ಒಂದು ಇದ್ದದ್ದು ಎರಡಾಗಿದೆ ಅಂತ ಅವತ್ತೇ ನೋಡಿದೆ. ಕೈಯಲ್ಲಿ ಹಿಡಿದು ತಿರುಗಿಸಿ ನೋಡಿದೆ."

"ಹಾಗಾದ್ರೆ ಯಾಕೆ ಬಂದು ಕೇಳಲಿಲ್ಲ? ನಾಲ್ಕು ಮನೆ ಆಚೆ ತಾನೆ ಕೇಂದ್ರ?"

ಪೇಚ್ಚಿಯಮ್ಮಾಳ್ ಅಧಿಕಾರಿಯನ್ನು ಮಗುವನ್ನು ನೋಡುವಂತೆ ನೋಡಿದಳು. ಆಂಡಾಳಿಗೆ ಒಳ್ಳೆಯದಾಗಲಿ ಎಂದೇ, ಪೂರಾ ಮನಸ್ಸಿನಿಂದ ಹೇಳಿದಳು: "ಅದೆಂಗೆ ಕೇಳೋದು? ನರ್ಸಮ್ಮ ಕೊಟ್ಟಿದ್ರೆ ಕೇಳ್ತಿದ್ದೆ. ಹಿಂದೆ ಇದ್ದ ನರ್ಸಮ್ಮನ್ನ ಎಷ್ಟು ಸಲ ಕೇಳಿದೀನಿ, ಜಗಳಾನೂ ಆಡಿದೀನಿ. ಇವಳು ಡಾಕ್ಟರಮ್ಮ. ಡಾಕ್ಟರು ಎರಡು ಕೊಟ್ರೆ ಎರಡು. ಅವರನ್ನ ಕೇಳಿದ್ರೆ ಮರ್ಯಾದೆ ಅಲ್ಲ."

ಅಭಿರಾಮಿಯ ಪೆನ್ನು ನಿಂತಿತು. ಅವರು ತುಂಬ ಮೆಲ್ಲಗೆ ಕೇಳಿದರು: "ಇವರು ಡಾಕ್ಟರ್ ಅಲ್ಲ ಅಂತ ನಿಮಗೆ ಯಾವತ್ತಾದರೂ ಹೇಳಿದ್ರಾ?"

ಪೇಚ್ಚಿಯಮ್ಮಾಳ್ ಗಲಿಬಿಲಿಯಾಗಿ ಆಂಡಾಳಿನ ಕಡೆ ನೋಡಿದಳು. ಯಾವ ಉತ್ತರ ಕೊಟ್ಟರೆ ಈ ಹುಡುಗಿ ಉಳಿಯುತ್ತಾಳೆ ಎಂದು ಆ ಮುಖ ಹುಡುಕುತ್ತಿತ್ತು. ಬೇಕಾದ ಉತ್ತರ ಕೊಡಲು ಸಿದ್ಧವಿತ್ತು. ಆಂಡಾಳ್ ಸುಮ್ಮನೆ ಒಂದು ಸಲ ತಲೆಯಾಡಿಸಿದ್ದರೆ ಸಾಕಿತ್ತು, ಹೇಳಿದ್ಲು ತಾಯಿ, ನಾನೇ ಮರೆತೆ ಅನ್ನುತ್ತಿದ್ದಳು.

ಆಂಡಾಳಿಗೆ ಆ ಹೊತ್ತು ಆದ ಭಯದ ಮುಂದೆ ಆಂಬುಲೆನ್ಸಿನ ಭಯ ಏನೂ ಅಲ್ಲ. ಪೊಟ್ಟಣ ತಪ್ಪಿದ್ದು ಒಂದು ಮಂಗಳವಾರದ ಅವಸರದಲ್ಲಿ. ಇದು ಐದು ವರ್ಷ, ದಿನಾ, ಹಿತವಾಗಿ, ಗೊತ್ತಿದ್ದೂ ಮಾಡಿದ್ದು. ಮೂರನೆಯ ಮನೆಯಲ್ಲಿ ಒಬ್ಬ ಹೆಂಗಸು ಎರಡು ಮಾತ್ರೆಯನ್ನು ಅಂಗೈಯಲ್ಲಿಟ್ಟು ತಿರುಗಿಸಿ ನೋಡಿದ್ದಾಳೆ, ಕೇಳಬೇಕೆಂದುಕೊಂಡಿದ್ದಾಳೆ, ಬಾಯಿ ಮುಚ್ಚಿಕೊಂಡಿದ್ದಾಳೆ. ಆ ಬಾಯಿ ಮುಚ್ಚಿಸಿದ್ದು ತಾನು ತಿದ್ದದೆ ಬಿಟ್ಟ ಒಂದು ಮಾತು.

"ನಾನು ಹೇಳಲಿಲ್ಲ ಮೇಡಂ," ಎಂದಳು ಆಂಡಾಳ್ ಎದ್ದು ನಿಂತು. "ಮೊದಲ ವಾರ ಹೇಳಿದೆ. ಆಮೇಲೆ ಬಿಟ್ಟೆ. ಹಾಗೆ ಕರೆದರೆ ನನಗೆ ಧೈರ್ಯ ಬರ್ತಿತ್ತು."

ಅಭಿರಾಮಿ ಬರೆಯತೊಡಗಿದರು. ಆಂಡಾಳ್ ಪೇಚ್ಚಿಯಮ್ಮಾಳಿನ ಕಡೆ ತಿರುಗಿದಳು. ಇಂಥ ಮಾತನ್ನು ಕಚೇರಿಯ ತಮಿಳಿನಲ್ಲಿ ಹೇಳುವುದು ಅವಳಿಂದಾಗಲಿಲ್ಲ, ಮನೆಯ ಮಾತಿನಲ್ಲೇ ಹೇಳಿದಳು. "ಅತ್ತೆ, ನಾನು ಡಾಕ್ಟರಲ್ಲ. ಯಾವತ್ತೂ ಆಗಿರಲಿಲ್ಲ. ನರ್ಸು ಓದಿದವಳು. ನನ್ನ ಕೇಳಬೇಕಿತ್ತು ನೀನು... ನೀವು ಕೇಳೋ ಹಂಗೆ ನಾನು ಇರಬೇಕಿತ್ತು."

ಪೇಚ್ಚಿಯಮ್ಮಾಳ್ ತೂಕ್ಕುಚಟ್ಟಿಯನ್ನು ಮಡಿಲಿಗೆ ಎಳೆದುಕೊಂಡಳು.

"ಹಂಗಾದ್ರೆ," ಎಂದಳು ಕೊನೆಗೆ, ಸಿಟ್ಟಿಲ್ಲದೆ, ನಿಜವಾಗಿ ತಿಳಿಯದವಳಂತೆ, "ಐದು ವರ್ಷದಿಂದ ನಾವೆಲ್ಲ ಯಾರ ಕೈಗೆ ಉಸುರು ಕೊಟ್ಟು ಕುಂತಿದ್ವಿ ಆಂಡಾಳು?"

ಮನೆಯವರನ್ನು ಬಿಟ್ಟು ಮೇಲ್ತೋಪಿನವರು ಯಾರಾದರೂ ಅವಳನ್ನು ಹೆಸರು ಹಿಡಿದು ಕರೆದದ್ದು ಅದೇ ಮೊದಲು.